ಪ್ರಣಾಲಿ ಕೇಳಿದ ಹಾಡು

ಔರಾದ
14 ಜನವರಿ 2025

ಹಲಬರ್ಗಾದ ಬೀಗತಿ ಸಖುಬಾಯಿಯವರಿಗೆ ಸುಭದ್ರಾಬಾಯಿ ಮಾಡುವ ಶರಣು.

ನನ್ನ ಹೆಸರು ಕಂಡು ನಿಮಗೆ ಸಿಟ್ಟು ಬರಬಹುದು. ಹರಿದು ಒಗೆಯುವ ಮೊದಲು ಕೊನೆಯವರೆಗೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ನಿಮ್ಮ ಮಗಳು, ನಮ್ಮ ಸೊಸೆ ಸಿದ್ದೇಶ್ವರಿ ಭಾದ್ರಪದದಲ್ಲಿ ತೀರಿಕೊಂಡ ಮೇಲೆ ಎರಡು ಮನೆಯ ನಡುವೆ ಮಾತಿಲ್ಲ. ಮಣ್ಣು ಮಾಡಿದ ದಿನ ನಿಮ್ಮ ಮಗ ಹಣಮಂತ ನನ್ನ ಮಗ ದಿಲೀಪನ ಕೊರಳಪಟ್ಟಿ ಹಿಡಿದು, ಜ್ವರ ಜ್ವರ ಅನ್ನುತ್ತ ಮನೆಯಲ್ಲಿಟ್ಟುಕೊಂಡು ಕೊಂದಿರಿ ಅಂದ. ಅಂದಿನಿಂದ ದಿಲೀಪನ ಮುಂದೆ ನಿಮ್ಮ ಊರಿನ ಹೆಸರು ಎತ್ತಿದರೆ ತಾಟು ಬಿಟ್ಟು ಏಳುತ್ತಾನೆ. ಗಂಡಸರ ಸಿಟ್ಟು ಗಂಡಸರಿಗಿರಲಿ. ನಾನು ಬರೆಯುತ್ತಿರುವುದು ಮೊಮ್ಮಗಳು ಪ್ರಣಾಲಿಯ ಸಲುವಾಗಿ.

ಹುಡುಗಿ ಮಲಗುವುದಿಲ್ಲ. ಹಾಸಿಗೆ ಹಾಸಿದರೆ ಸಾಕು, ಅವ್ವನ ಹಾಡು ಹಾಡು ಅನ್ನುತ್ತದೆ. ನನಗೆ ಬರುವುದನ್ನೆಲ್ಲ ಹಾಡಿದೆ. ಪಕ್ಕದ ಮನೆಯ ಗೌಹರ ಬಂದು ತನ್ನ ಮಕ್ಕಳಿಗೆ ಹಾಡುತ್ತಿದ್ದ ಜೋಗುಳ ಹಾಡಿದಳು. ಎರಡನೇ ಸಾಲಿಗೆ ಬರುವುದರೊಳಗೆ ನಮ್ಮ ಬಾಯಿಯ ಮೇಲೆ ಅಂಗೈ ಇಟ್ಟುಬಿಡುತ್ತದೆ. "ಇದಲ್ಲ" ಅನ್ನುತ್ತದೆ, ಅಷ್ಟೆ. ಅಳುವುದೂ ಇಲ್ಲ. ಕಣ್ಣು ತೆರೆದುಕೊಂಡು ಬಿದ್ದಿರುತ್ತದೆ. ಊಟ ಇಳಿದಿದೆ. ಕಳೆದ ವರ್ಷದ ಲಂಗ ಈಗ ಸೊಂಟದಲ್ಲಿ ನಿಲ್ಲುವುದಿಲ್ಲ.

ಸಿದ್ದೇಶ್ವರಿ ನನ್ನ ಮುಂದೆ ಎಂದೂ ಹಾಡಿದವಳಲ್ಲ. ನಮ್ಮ ಮನೆಯಲ್ಲಿ ಸೊಸೆಯಂದಿರು ಹಿರಿಯರ ಕಿವಿಗೆ ಬೀಳುವಂತೆ ಹಾಡುವ ರೂಢಿಯಿಲ್ಲ. ಹೆತ್ತವರು ನೀವು. ಆ ಹಾಡು ಯಾವುದು ನಿಮಗೆ ಗೊತ್ತಿರಲೇಬೇಕು. ಧಾಟಿ ಇಂಥದ್ದು ಎಂದು ಬರೆದು ತಿಳಿಸಿರಿ. ಫೋನಿನಲ್ಲಿ ಹಾಡಿ ಕಳಿಸಬೇಡಿ. ನನ್ನದು ಬಟನ್ ಫೋನು. ದಿಲೀಪನ ಫೋನಿಗೆ ನಿಮ್ಮ ಧ್ವನಿ ಬಂದರೆ ಮನೆಯಲ್ಲಿ ಮತ್ತೆ ಮಾತು ಬೆಳೆಯುತ್ತದೆ.

ಸುಭದ್ರಾಬಾಯಿ


ಹಲಬರ್ಗಾ
ತಾ. 23-1-2025, ಗುರುವಾರ

ಬೀಗತಿಯವರಿಗೆ.

ಪತ್ರ ಮುಟ್ಟಿತು. ಪೋಸ್ಟಿನವನು ಹಿಟ್ಟಿನ ಗಿರಣಿಯಲ್ಲೇ ಕೈಗೆ ಕೊಟ್ಟ. ಹಣಮಂತನ ಕೈಗೆ ಸಿಕ್ಕಿದ್ದರೆ ಒಲೆಗೆ ಹೋಗುತ್ತಿತ್ತು. ಸಿಟ್ಟು ಬಂದದ್ದು ಖರೆ. ನಾಲ್ಕು ತಿಂಗಳಲ್ಲಿ ಕೂಸು ಹೇಗಿದೆ ಎಂದು ಒಂದು ಮಾತಿಲ್ಲ, ಈಗ ಹಾಡು ಬೇಕಾದಾಗ ಹೆತ್ತವಳ ನೆನಪಾಯಿತು.

ಆದರೂ ಕೂಸು ಕೇಳಿದೆ. ಕೊಡದಿದ್ದರೆ ನಮ್ಮ ದೇವರು ಮಲ್ಲಣ್ಣ ಮೆಚ್ಚುವುದಿಲ್ಲ.

ಅದು ಬೀಸುವ ಹಾಡೇ ಇರಬೇಕು. ನಮ್ಮತ್ತೆ ಹಾಡುತ್ತಿದ್ದಳು, ಅವಳಿಂದ ನಾನು ಕಲಿತೆ. ಊರಿಗೆ ಗಿರಣಿ ಬಂದು ಎಷ್ಟೋ ವರ್ಷವಾಗಿತ್ತು, ಆದರೂ ಹಬ್ಬದ ಕಡುಬಿಗೆ ನಾನು ಕಲ್ಲಿನಲ್ಲೇ ಬೀಸುತ್ತಿದ್ದೆ. ಸಿದ್ದು ನನ್ನ ತೊಡೆಯ ಮೇಲೆ ತಲೆ ಇಟ್ಟುಕೊಂಡು ಕೇಳುತ್ತ ಮಲಗುತ್ತಿದ್ದಳು. ಕಲ್ಲು ತಿರುಗಿದ ಹಾಗೆ ಅವಳ ತಲೆಯೂ ಅಲುಗುತ್ತಿತ್ತು, ಆದರೂ ಏಳುತ್ತಿರಲಿಲ್ಲ.

ಕಾಳು ಕಲ್ಲಿಗಿ ಬಂತ, ಕೂಸು ಮಡಿಲಿಗಿ ಬಂತ
ತವರಿಂದ ಬರುವ ಎತ್ತೀನ ಕೊರಳಗೆಜ್ಜಿ
ತಡವ್ಯಾಕ ಮಾಡಿ ನಿಂತಾವ

ಧಾಟಿ ನಿಮಗೆ ಬರದೆ ಇರುವುದಿಲ್ಲ. ಎಲ್ಲ ಬೀಸುವ ಹಾಡಿಗೂ ಅದೊಂದೇ. ಎರಡನೇ ಸಾಲಿನ ಕೊನೆಗೆ ಉಸಿರು ಹಿಡಿದು ಕಲ್ಲು ಒಂದು ಸುತ್ತು ತಿರುಗುವಷ್ಟು ಸುಮ್ಮನಿರಬೇಕು. ನನಗೆ ಇಂದಿಗೂ ಇದಕ್ಕಿಂತ ಸೇರುವ ಹಾಡು ಬೇರೆಯಿಲ್ಲ.

ಇನ್ನು ನನ್ನದೊಂದು ಮಾತು. ನನಗೆ ಕೂಸನ್ನು ಒಂದು ಸಲ ತೋರಿಸಿರಿ. ನಿಮ್ಮ ಮನೆಯ ಹೊಸ್ತಿಲಿಗೆ ನಾನು ಬರುವುದಿಲ್ಲ. ಭಾಲ್ಕಿ ಬಸ್ ಸ್ಟ್ಯಾಂಡಿಗೆ ನೀವು ಕರೆತಂದರೂ ಸಾಕು. ಅಲ್ಲಿಯ ಬೆಂಚಿನ ಮೇಲೆ ಕೂತು ನೋಡಿ ಬರುತ್ತೇನೆ.

ಸಖುಬಾಯಿ


ಔರಾದ
5 ಫೆಬ್ರವರಿ 2025

ಬೀಗತಿಯವರಿಗೆ ಶರಣು.

ಹಾಡಿದೆ. ಮೂರನೇ ಸಾಲಿನವರೆಗೂ ಕೇಳಿದಳು. ಸಿಕ್ಕಿತು ಅಂದುಕೊಂಡೆ. ಆಮೇಲೆ ಅಂಗೈ ಬಂತು. ಅದಲ್ಲವಂತೆ.

ಆದರೆ ಆ ಹಾಡು ನನ್ನನ್ನು ಬಿಡಲಿಲ್ಲ. ನನ್ನ ತವರು ಕಮಲನಗರದ ಆಚೆ, ಅಲ್ಲಿ ಮರಾಠಿ ನಡೆಯುತ್ತದೆ. ನಮ್ಮವ್ವ ಬೀಸುವಾಗ ಮರಾಠಿಯಲ್ಲಿ ಹಾಡುತ್ತಿದ್ದಳು, ಮಾತು ಬೇರೆ, ಧಾಟಿ ನಿಮ್ಮದೇ. ನಿಮ್ಮ ಹಾಗೇ ಎರಡನೇ ಸಾಲಿಗೆ ಉಸಿರು ಹಿಡಿಯುತ್ತಿದ್ದಳು. ಅವಳು ಸತ್ತ ಮೇಲೆ ಅದನ್ನು ನಾನು ಬಾಯಿಗೆ ತಂದುಕೊಂಡಿರಲಿಲ್ಲ. ನೀವು ಬರೆದ ಕಾಗದವನ್ನು ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ರೊಟ್ಟಿ ಬಡಿಯುವಾಗ ಬಾಯಿಗೆ ಬರುತ್ತದೆ.

ದಿಲೀಪನೂ ಪ್ರಯತ್ನ ಮಾಡುತ್ತಿದ್ದಾನೆ. ಗೊಬ್ಬರದ ಅಂಗಡಿಯಿಂದ ಬಂದು ಫೋನ್ ಹಿಡಿದು ಮಗಳ ಪಕ್ಕ ಕೂಡುತ್ತಾನೆ. ಹಳೇ ಸಿನಿಮಾದ್ದು, ಹೊಸ ಸಿನಿಮಾದ್ದು, ಮದುವೆಯಲ್ಲಿ ಡಿಜೆ ಹಚ್ಚುವಂಥದ್ದು, ಒಂದೊಂದೇ ಕೇಳಿಸುತ್ತಾನೆ. ಅವನ ಬಾಯಿಗೆ ಅಂಗೈ ಇಡುವ ಬದಲು ಫೋನಿನ ಮೇಲೆ ಇಡುತ್ತದೆ. ಹೆಂಡತಿಗೆ ಯಾವ ಹಾಡು ಸೇರುತ್ತಿತ್ತು ಎಂದು ಅವನಿಗೂ ಗೊತ್ತಿಲ್ಲ. ಕೇಳಿದರೆ ಮುಖ ತಿರುಗಿಸುತ್ತಾನೆ.

ಬೇರೆ ಯಾವುದಾದರೂ ನೆನಪಾದರೆ ಬರೆಯಿರಿ. ಹೊಲದಲ್ಲಿ ಕಡಲೆ ಹೇಗಿದೆ? ಕುರಿಗಳಿಗೆ ರೋಗವಿಲ್ಲ ತಾನೆ?

ಸುಭದ್ರಾಬಾಯಿ


ಹಲಬರ್ಗಾ
ತಾ. 28-2-2025, ಶುಕ್ರವಾರ

ಸುಭದ್ರಕ್ಕನಿಗೆ.

ಕುರಿ ಚೆನ್ನಾಗಿವೆ. ನಾನು ಕೇಳಿದ ಒಂದು ಮಾತಿಗೆ ಮಾತ್ರ ನೀವು ಉತ್ತರ ಬರೆದಿಲ್ಲ. ಮರೆತಿರಿ ಎಂದು ತಿಳಿದುಕೊಂಡು ಮತ್ತೆ ಕೇಳುತ್ತೇನೆ. ಕೂಸನ್ನು ತೋರಿಸಿರಿ.

ಮೊನ್ನೆ ಶಿವರಾತ್ರಿಗೆ ಗುಡಿಯಲ್ಲಿ ಭಜನೆಗೆ ಕೂತಾಗ ಹೊಳೆಯಿತು. ನಾನೆಂಥ ಹುಚ್ಚಿ. ಸಿದ್ದು ಆರು ವರ್ಷದವಳಿದ್ದಾಗಿನಿಂದ ನನ್ನ ಪಕ್ಕ ಕೂತು ತಾಳ ಬಡಿದವಳು. ಊರಲ್ಲಿದ್ದಷ್ಟು ದಿನ ಒಂದು ಭಾನುವಾರವೂ ಮಲ್ಲಣ್ಣನ ಭಜನೆ ತಪ್ಪಿಸಲಿಲ್ಲ. ಮಗಳನ್ನು ಮಲಗಿಸಲು ಅವಳು ದೇವರ ಹಾಡು ಬಿಟ್ಟು ಇನ್ನೇನು ಹಾಡಿಯಾಳು? ಇದು ಅವಳಿಗೆ ಬಹಳ ಸೇರುತ್ತಿತ್ತು.

ಗುರುವಿನ ಮನಿಗಿ ಕದವಿಲ್ಲ ತಾಯಿ
ಬಡಿಯೋದ್ಯಾಕ, ನೀ ಕರೆಯೋದ್ಯಾಕ
ಒಳಗ ಹೋದವರು ಹೊರಗ ಬಂದಿಲ್ಲ
ಕಾಯೋದ್ಯಾಕ, ನೀ ಕೂಡೋದ್ಯಾಕ

ನಿಧಾನಕ್ಕೆ ಶುರು ಮಾಡಿ ಕೊನೆಗೆ ಜೋರಾಗುವ ಧಾಟಿ. ನೀವು ಜೋರು ಮಾಡಬೇಡಿ, ಮಲಗುವ ಕೂಸು. ಈ ಸಲ ಗುಡಿಯಲ್ಲಿ ಇದನ್ನು ಎತ್ತಿದರು. ನಾನು ಎರಡು ಸಾಲು ಹೇಳಿ ಎದ್ದು ಬಂದೆ. ಭಜನೆಯ ನಡುವೆ ಎದ್ದು ಬಂದದ್ದು ಅದೇ ಮೊದಲು. ದೇವರು ತಪ್ಪು ತಿಳಿಯಲಾರ.

ಇದೇ ಹಾಡು. ನನಗೆ ಅನುಮಾನವಿಲ್ಲ.

ಸಖುಬಾಯಿ


ಔರಾದ
16 ಮಾರ್ಚ್ 2025

ಪ್ರೀತಿಯ ಸಖುಬಾಯಿಯವರಿಗೆ.

ಅದೂ ಅಲ್ಲ. ನಾನು ಎತ್ತಿದ ಕೂಡಲೇ "ದೇವರದಲ್ಲ ಅಜ್ಜಿ" ಅಂದಳು. ನಿಮಗೆ ನೋವಾಗುತ್ತದೆ ಎಂದು ಬರೆಯಲೋ ಬೇಡವೋ ಎಂದು ಕೂತಿದ್ದೆ.

ಸಿನಿಮಾ ಹಾಡೇನಾದರೂ ಹಾಡುತ್ತಿದ್ದಳೇ? ನೀವು ಭಕ್ತರು, ಇಂಥದ್ದು ಕೇಳುವುದು ಸರಿಯೋ ಇಲ್ಲವೋ. ನನ್ನದೇ ಹೇಳುತ್ತೇನೆ. ನಾನು ಲಗ್ನವಾಗಿ ಬಂದ ಹೊಸದರಲ್ಲಿ ಔರಾದಕ್ಕೆ ಟೂರಿಂಗ್ ಟಾಕೀಸಿನ ತಂಬು ಬರುತ್ತಿತ್ತು. ಒಂದೇ ಸಲ ಹೋದೆ. ಹಿಂದಿ ಸಿನಿಮಾ, ಕರಿ ಬಿಳಿ. ಒಬ್ಬಳು ಕಿಟಕಿಯಲ್ಲಿ ನಿಂತು ಹಾಡುತ್ತಾಳೆ, ಹೊರಗೆ ಗಾಳಿ, ದೀಪ ಆರಿ ಹೋಗುತ್ತದೆ, ಆದರೂ ಅವಳು ಹಾಡು ನಿಲ್ಲಿಸುವುದಿಲ್ಲ. ಮಾತು ನನಗೆ ಅರ್ಥವಾಗಲಿಲ್ಲ. ನಮ್ಮವರು ಮನೆಗೆ ಬಂದು, ಅಂಥ ಹಾಡು ಕೇಳಿ ಅಳುವಂಥದ್ದು ನಿನಗೇನಾಗಿದೆ ಅಂದರು. ಅವರಿರುವ ತನಕ ಅದನ್ನು ಗುನುಗಲಿಲ್ಲ. ಈಗ ಅವರಿಲ್ಲ, ನನಗೆ ಹಾಡು ನೆನಪಿಲ್ಲ, ಕಿಟಕಿ ಮಾತ್ರ ನೆನಪಿದೆ. ಇದನ್ನು ನಿಮ್ಮೊಬ್ಬರಿಗೇ ಹೇಳಿದ್ದು.

ಹುಡುಗಿಗೆ ಇನ್ನೊಂದು ಚಾಳಿ ಅಂಟಿದೆ. ಹಾಡು ಕೇಳುವಾಗ ಅಂಗಾತ ಬಿದ್ದು ಎರಡೂ ಹಿಮ್ಮಡಿ ಕೂಡಿಸಿ ಹಾಸಿಗೆಗೆ ಒತ್ತುತ್ತದೆ, ಎತ್ತುತ್ತದೆ, ಒತ್ತುತ್ತದೆ. ಹಿಮ್ಮಡಿ ಕೆಂಪಾಗಿ ಚರ್ಮ ಸುಲಿದಿದೆ. ಬಯ್ದರೆ ನಿಲ್ಲಿಸುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತುತ್ತೇನೆ.

ಆದಷ್ಟು ಬೇಗ ಹುಡುಕಿರಿ. ಬಸವ ಜಯಂತಿಯ ಒಳಗೆ ಸಿಕ್ಕರೆ ಬಹಳ ಉಪಕಾರ.

ಸುಭದ್ರಾ


ಹಲಬರ್ಗಾ
ತಾ. 3-4-2025, ಗುರುವಾರ

ಸುಭದ್ರಕ್ಕ,

ನಾನು ಯುಗಾದಿ ಮಾಡಲಿಲ್ಲ. ಮನೆಯಲ್ಲಿ ವರ್ಷ ತುಂಬಿಲ್ಲ. ಬೇವು ಮಾತ್ರ ತಿಂದೆವು.

ನೀವು ಕಿಟಕಿಯ ಮಾತು ಬರೆದಿರಿ, ನಾನು ಗಿರಣಿಯದು ಹೇಳುತ್ತೇನೆ. ಗಿರಣಿಯ ಚಾಂದ ಪಾಶಾ ರೇಡಿಯೋ ಇಟ್ಟಿದ್ದ. ಸಿನಿಮಾ ಹಾಡು ಕೇಳುವುದು ಪಾಪ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ. ಆದರೆ ಒಂದು ಹಾಡು ಬಂದರೆ ಹಿಟ್ಟಿನ ಬುಟ್ಟಿ ತಲೆಯ ಮೇಲೆ ಹೊತ್ತುಕೊಂಡೇ ಬಾಗಿಲಲ್ಲಿ ನಿಲ್ಲುತ್ತಿದ್ದೆ, ಅದು ಮುಗಿಯುವ ತನಕ. ಅಣ್ಣ ತಂಗಿಯನ್ನು ಗಾಡಿ ಹತ್ತಿಸುವ ಹಾಡು. ಚಾಂದ ಪಾಶಾನಿಗೆ ಗೊತ್ತಾಗಿ ಹೋಗಿತ್ತು. ನಾನು ಬಂದಾಗ ಧ್ವನಿ ಹೆಚ್ಚಿಸಿ, "ನಿಮ್ಮ ದೇವರು ಈಗ ಗಿರಣ್ಯಾಗಿಲ್ಲ, ಕೇಳ್ರಿ ಅವ್ವ" ಅನ್ನುತ್ತಿದ್ದ. ಸಿದ್ದು ನನ್ನ ಸೆರಗು ಹಿಡಿದು ನಗುತ್ತಿದ್ದಳು. ಅದೂ ಕೂಸಿನ ಹಾಡಲ್ಲ ಬಿಡಿ. ಅವಳಿಗೆ ಅದು ಬಾಯಿಗೆ ಬರುತ್ತಿರಲಿಲ್ಲ.

ನಿಮ್ಮ ಪತ್ರದಲ್ಲಿ ಹಿಮ್ಮಡಿಯ ಮಾತು ಓದಿ ನಾನು ಕೂತಲ್ಲಿಂದ ಎದ್ದೆ. ಎರಡೂ ಹಿಮ್ಮಡಿ ಕೂಡಿಸಿ ಒತ್ತುವುದು ಚಾಳಿಯಲ್ಲ. ಅದು ಹೊಲಿಗೆ ಮಿಷನ್ ತುಳಿಯುವುದು, ಸಿದ್ದುವಿನ ಮಿಷನ್ ನಿಮ್ಮ ಮನೆಯಲ್ಲೇ ಇದೆಯಲ್ಲ. ಕೂಸು ಅವಳ ತೊಡೆಯ ಮೇಲೆ ಮಲಗುತ್ತಿತ್ತು, ಅವಳು ತುಳಿಯುತ್ತಿದ್ದಳು. ಹಾಡು ಅಲ್ಲಿಯದು. ಲಗ್ನದ ಮೊದಲು ಎರಡು ವರ್ಷ ಸಿದ್ದು ಬೀದರದಲ್ಲಿ ಮುನವ್ವರ ಬೇಗಂ ಎಂಬವರ ಮನೆಯಲ್ಲಿ ಕೋಣೆ ಹಿಡಿದು, ಅವರ ಹತ್ತಿರವೇ ಹೊಲಿಗೆ ಕಲಿತಳು. ನಾನು ಹೋಗಿ ಕೇಳಿ ಬರುತ್ತೇನೆ. ಕಡಲೆ ಒಕ್ಕಣೆ ಮುಗಿಯಲಿ.

ಬಸವ ಜಯಂತಿ ಎಂದು ಬರೆದಿರಿ. ಬಾಯಿ ಬಿಟ್ಟು ಹೇಳದಿದ್ದರೂ ನಿಮ್ಮ ಮನಸ್ಸು ತಿಳಿಯಿತು. ಆ ದಿನ ಕೂಸನ್ನು ಕರೆತರುತ್ತೀರಿ. ಒಳ ಮನೆಗೆ ಸುಣ್ಣ ಹೊಡೆಸಿದ್ದೇನೆ. ಹಣಮಂತನಿಗೆ ನಾನು ಹೇಳಿಕೊಳ್ಳುತ್ತೇನೆ, ಅವನು ಒಂದು ಮಾತು ಆಡುವುದಿಲ್ಲ.

ಸಖು


ಹಲಬರ್ಗಾ
ತಾ. 20-4-2025, ಭಾನುವಾರ

ಸುಭದ್ರಕ್ಕ,

ಸಿಕ್ಕಿತು. ಮಲ್ಲಣ್ಣ ದೊಡ್ಡವನು.

ಶುಕ್ರವಾರ ಬೀದರಕ್ಕೆ ಹೋಗಿದ್ದೆ. ಚೌಬಾರಾ ಗೋಪುರದ ಹಿಂದಿನ ಗಲ್ಲಿ, ಮನೆ ಗುರುತು ಹತ್ತಲಿಲ್ಲ, ಕೇಳುತ್ತ ಹೋದೆ. ಮುನವ್ವರ ಬೇಗಂ ಬಾಗಿಲಿಗೆ ಬಂದವರೇ ನನ್ನ ಹಿಂದೆ ನೋಡಿದರು. "ಸಿದ್ದು ಎಲ್ಲಿ? ಒಬ್ಬರೇ ಬಂದೀರೇನ್ರಿ?" ಅಂದರು. ಅವರಿಗೆ ಗೊತ್ತೇ ಇರಲಿಲ್ಲ. ಯಾರು ಹೇಳಬೇಕಿತ್ತು? ನಾನು ಹೊಸ್ತಿಲ ಮೇಲೆ ನಿಂತುಕೊಂಡೇ ಹೇಳಿದೆ. ಅವರು ಬಾಗಿಲ ಕಟ್ಟು ಹಿಡಿದು ಕೂತರು. ನೀರು ಕೊಡಲಿಕ್ಕೂ ಆಮೇಲೆ ನೆನಪಾಯಿತು.

ಹಾಡಿನ ಮಾತು ಎತ್ತಲು ನನಗೆ ನಾಚಿಕೆಯಾಯಿತು, ಆದರೂ ಎತ್ತಿದೆ. ಹಿಮ್ಮಡಿ ಒತ್ತುವ ಮಾತು ಹೇಳಿದೆ. ಅವರು ತಲೆ ಆಡಿಸಿದರು. ಅವರ ಮೊಮ್ಮಗ ಆಗ ತೊಟ್ಟಿಲಲ್ಲಿದ್ದನಂತೆ. ಮಿಷನ್ನಿಗೆ ಹಗ್ಗ ಕಟ್ಟಿ ತೊಟ್ಟಿಲಿಗೆ ಸಿಕ್ಕಿಸುತ್ತಿದ್ದರಂತೆ. ತುಳಿದರೆ ಹೊಲಿಗೆಯೂ ನಡೆಯುತ್ತಿತ್ತು, ತೊಟ್ಟಿಲೂ ತೂಗುತ್ತಿತ್ತು. ಹಾಡಿನ ಮೊದಲ ಸಾಲು ಅವರದು, ಅವರ ಭಾಷೆಯದು. ಅದಕ್ಕೆ ಕನ್ನಡದ ಸಾಲು ಸೇರಿಸಿದವಳು ಸಿದ್ದು. ಸುಮ್ಮನೆ ಹೇಳಿಕೊಡಿ ಅಂದರೆ ಅವರಿಗೆ ಬರಲಿಲ್ಲ. ಕೊನೆಗೆ ಎದ್ದು ಹೋಗಿ ಮಿಷನ್ ಮುಂದೆ ಕೂತು, ಬಟ್ಟೆ ಇಡದೆ, ದಾರ ಹಾಕದೆ, ಬರಿಯ ಮಿಷನ್ ತುಳಿಯುತ್ತ ಹಾಡಿದರು. ನಾನು ನೆಲದ ಮೇಲೆ ಕೂತು ಕೇಳಿದೆ.

ನನ್ನ ಮಗಳು ಹಾಡು ಕಟ್ಟುತ್ತಿದ್ದಳು ಎಂದು ನನಗೆ ಗೊತ್ತಿರಲಿಲ್ಲ ಸುಭದ್ರಕ್ಕ. ನನಗೆ ಸೇರುವ ಹಾಡನ್ನೆಲ್ಲ ಅವಳಿಗೂ ಸೇರುತ್ತದೆ ಎಂದು ತಿಳಿದು ನಿಮಗೆ ಬರೆದೆ.

ಹೊತ್ತು ಇಳಿಯುವ ತನಕ ಕಲಿತು, ಬಸ್ಸಿನಲ್ಲಿ ಬಾಯೊಳಗೇ ಹೇಳಿಕೊಳ್ಳುತ್ತ ಬಂದೆ. ಇದನ್ನು ನಾನು ಕಾಗದದಲ್ಲಿ ಬರೆಯುವುದಿಲ್ಲ, ತಪ್ಪು ತಿಳಿಯಬೇಡಿ. ಬಸವ ಜಯಂತಿಗೆ ಕೂಸು ಬರುತ್ತದಲ್ಲ, ನನ್ನ ಬಾಯಿಂದಲೇ ಕೇಳಲಿ. ಹಸಿರು ಫ್ರಾಕು ತಂದಿದ್ದೇನೆ. ಯಾವ ಬಸ್ಸಿಗೆ ಬರುತ್ತೀರಿ ಬರೆಯಿರಿ, ನಾನು ಬಂದು ನಿಲ್ಲುತ್ತೇನೆ.

ಸಖು


ಔರಾದ
25 ಏಪ್ರಿಲ್ 2025

ಸಖುಬಾಯಿಯವರಿಗೆ.

ಮೊದಲೇ ಹೇಳಬೇಕಾಗಿತ್ತು. ಪ್ರತಿ ಪತ್ರದಲ್ಲೂ ಹೇಳಬೇಕೆಂದು ಕೂತು, ಬೇರೆ ಮಾತು ಬರೆದು ಮುಗಿಸುತ್ತಿದ್ದೆ.

ಬಸವ ಜಯಂತಿಗೆ ದಿಲೀಪನ ಲಗ್ನ. ಹುಡುಗಿ ಕಮಲನಗರದವಳು, ಹೆಸರು ಮಾಯಾ. ಮಕ್ಕಳಾಗಲಿಲ್ಲ ಎಂದು ಮೊದಲಿನ ಗಂಡ ಬಿಟ್ಟಿದ್ದಾನೆ. ಗುಣವಂತೆ. ವರ್ಷದೊಳಗೆ ಮಾಡದಿದ್ದರೆ ಮೂರು ವರ್ಷ ತಡೆಯಬೇಕು ಎಂದು ಹಿರಿಯರು ಹೇಳಿದರು. ನನಗೆ ಮೊಣಕಾಲು ಹಿಡಿದಿದೆ, ಹುಡುಗಿಯನ್ನು ಎತ್ತಿಕೊಳ್ಳಲು ಆಗುವುದಿಲ್ಲ. ಇಂದಲ್ಲ ನಾಳೆ ಅವಳು ಇನ್ನೊಬ್ಬರ ಮಡಿಲಲ್ಲಿ ಮಲಗಲೇಬೇಕು. ಮಾಯಾ ಹಾಡನ್ನು ಕಲಿತುಕೊಂಡು ಬಂದರೆ ಮೊದಲ ದಿನದಿಂದಲೇ ಹುಡುಗಿ ಅವಳಿಗೆ ಹೊಂದಿಕೊಳ್ಳುತ್ತದೆ ಎಂದೇ ನಿಮ್ಮ ಹತ್ತಿರ ಹಾಡು ಕೇಳಿದೆ. ಹುಡುಗಿ ಹಾಡು ಕೇಳುತ್ತಿರುವುದು ಖರೆ. ಅದರಲ್ಲಿ ನಾನು ಒಂದಕ್ಷರ ಸುಳ್ಳು ಬರೆದಿಲ್ಲ.

ನಮ್ಮ ಮಂದಿಯ ರೂಢಿ ನಿಮಗೂ ಗೊತ್ತು. ಸಿದ್ದೇಶ್ವರಿಯ ಹೆಸರಿನಲ್ಲಿ ಚಿನ್ನದ ಸಣ್ಣ ಬಿಲ್ಲೆ ಮಾಡಿಸಿದ್ದೇನೆ. ಮಾಯಾ ಅದನ್ನು ತಾಳಿಯ ಜತೆ ಕಟ್ಟಿಕೊಂಡು, ಹಬ್ಬಕ್ಕೆ ಅದಕ್ಕೆ ಮೊದಲು ಅರಿಷಿಣ ಕುಂಕುಮ ಹಚ್ಚುತ್ತಾಳೆ. ಲಗ್ನವಾದ ಮೇಲೆ ಅವಳು ನಿಮ್ಮ ಮನೆಗೆ ಬರಬೇಕು, ಮಗಳೆಂದು ನೀವು ಉಡಿ ತುಂಬಬೇಕು. ಮೊದಲಿನವಳ ತವರೇ ಎರಡನೆಯವಳಿಗೂ ತವರು. ಆಗ ಪ್ರಣಾಲಿಯೂ ಬರುತ್ತಾಳೆ.

ಹಾಡನ್ನು ಬರೆದು ಕಳಿಸಿರಿ. ಕೈ ಮುಗಿಯುತ್ತೇನೆ.

ಸುಭದ್ರಾಬಾಯಿ


ಔರಾದ
9 ಜೂನ್ 2025

ಬೀಗತಿಯವರಿಗೆ ಶರಣು.

ನಿಮ್ಮ ಪತ್ರವಿಲ್ಲ. ಲಗ್ನ ಮುಗಿಯಿತು, ಬ್ಯಾಂಡು ಹಚ್ಚಲಿಲ್ಲ. ಪ್ರಣಾಲಿ ಮಾಯಾಳನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಮೊನ್ನೆ ಅವಳ ಕೈ ಕಚ್ಚಿತು. ಮಾಯಾ ಅತ್ತದ್ದು ಗಾಯಕ್ಕಲ್ಲ. ಮರಾಠಿಯಲ್ಲಿ ತನಗೆ ಬರುವ ಅಭಂಗ ಹಾಡುತ್ತಾಳೆ, ಹುಡುಗಿ ಗೋಡೆಯ ಕಡೆ ತಿರುಗುತ್ತದೆ.

ನನ್ನ ಮೇಲಿನ ಸಿಟ್ಟನ್ನು ಹುಡುಗಿಯ ಮೇಲೆ ತೀರಿಸಬೇಡಿ.

ಸುಭದ್ರಾಬಾಯಿ


ಔರಾದ
18 ಜುಲೈ 2025

ಹುಡುಗಿಗೆ ಜ್ವರ ಬಂದು ಇಳಿದಿದೆ. ಈ ಸಲ ಅಂದೇ ಬೀದರಕ್ಕೆ ಒಯ್ದೆವು. ಹೆದರಬೇಡಿ ಎಂದು ಬರೆದೆ. ಜ್ವರದಲ್ಲೂ ಹಿಮ್ಮಡಿ ನಿಲ್ಲಲಿಲ್ಲ.


ಹಲಬರ್ಗಾ
ತಾ. 1-8-2025, ಶುಕ್ರವಾರ

ಸುಭದ್ರಾಬಾಯಿಯವರಿಗೆ.

ನಿಮ್ಮ ಲಗ್ನದ ಪತ್ರ ನನಗೆ ಮುಟ್ಟಿದ್ದು ಬಸವ ಜಯಂತಿಯ ಹಿಂದಿನ ದಿನ. ಮುಟ್ಟದಿದ್ದರೆ ನಾನು ಮರುದಿನ ಹಸಿರು ಫ್ರಾಕು ಹಿಡಿದು ಬಸ್ಸಿಗೆ ನಿಂತಿರುತ್ತಿದ್ದೆ. ಅದೊಂದು ತಪ್ಪಿತು. ನನ್ನ ಮಗಳ ಹಾಡನ್ನು ನನ್ನ ಕೈಯಿಂದಲೇ ಹುಡುಕಿಸಿ ಅವಳ ಜಾಗಕ್ಕೆ ಬಂದವಳ ಬಾಯಿಗೆ ಕೊಡಲು ಹೊರಟಿರಿ. ನಾನು ಬರೆಯಬಾರದೆಂದು ದೇವರ ಮುಂದೆ ನಿಶ್ಚಯ ಮಾಡಿದ್ದೆ. ಜ್ವರದ ಕಾಗದ ಬಂದಾಗಲೂ ಪೆನ್ನು ಹಿಡಿದು ಕೆಳಗಿಟ್ಟೆ.

ಪಂಚಮಿಗೆ ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದರು. ನಾನು ಬಾಗಿಲು ಹಾಕಿಕೊಂಡು ಕೂತೆ. ನನ್ನ ಗಂಡ ಮಡೆಪ್ಪ ಮಾತು ಕಡಿಮೆಯ ಮನುಷ್ಯ, ಕುರಿಗಳ ಜತೆಗೇ ಅವನ ಮಾತು. ನಿಮ್ಮ ಕಾಗದಗಳನ್ನೆಲ್ಲ ಆ ದಿನ ಅವನಿಗೆ ಓದಿ ಹೇಳಿದೆ. ಹಾಡನ್ನೂ ಹಾಡಿದೆ.

ಕುರಿ ಸಾಕುವವರು ಒಂದು ಕೆಲಸ ಮಾಡುತ್ತಾರೆ, ನೀವು ಪೇಟೆಯಲ್ಲಿದ್ದು ಮರೆತಿರಬಹುದು. ಒಂದು ಕುರಿಯ ಮರಿ ಸತ್ತಿರುತ್ತದೆ, ಇನ್ನೊಂದು ಮರಿಯ ತಾಯಿ ಸತ್ತಿರುತ್ತದೆ. ಆ ಕುರಿ ಈ ಮರಿಯನ್ನು ಮೂಸಿ ನೋಡಿ ಒದೆಯುತ್ತದೆ, ಮೊಲೆ ಕೊಡುವುದಿಲ್ಲ. ಆಗ ಸತ್ತ ಮರಿಯ ಚರ್ಮ ಸುಲಿದು ತಬ್ಬಲಿ ಮರಿಗೆ ಹೊದಿಸುತ್ತಾರೆ. ಕುರಿ ತನ್ನದೆಂದು ಮೂಸಿ ಕುಡಿಸುತ್ತದೆ. ಮಡೆಪ್ಪ ಇದನ್ನು ಎಷ್ಟೋ ಸಲ ಮಾಡಿದ್ದಾನೆ, ನಾನೇ ಚರ್ಮ ಹಿಡಿದುಕೊಂಡು ನಿಂತಿದ್ದೇನೆ. ಅವನು ನನಗೆ ಅಂದದ್ದು ಇಷ್ಟೇ. "ಇಲ್ಲಿ ಮರೀನೇ ಒದಿಲತ್ತದ. ಹೊದಿಸೋದು ಆ ಬಂದಾಕಿಗಿ. ಕೊಟ್ಟ ಬಿಡು ಸಖು, ಮರಿ ಉಪವಾಸ ಅದ."

ನಾನು ಕೇಳಿದೆ, ಆಮೇಲೆ ಆ ಚರ್ಮ ಏನು ಮಾಡುತ್ತಿ ಎಂದು. ಅವನು ಎದ್ದು ಕುರಿಗಳ ಕಡೆ ಹೋದ. ನನಗೆ ಗೊತ್ತು. ಕುರಿಗೂ ಮರಿಗೂ ಹೊಂದಿಕೆಯಾದ ಮೇಲೆ ಬಿಚ್ಚಿ ಬೇಲಿಯ ಆಚೆ ಒಗೆಯುತ್ತಾರೆ.

ಆದರೂ ಬರೆಯುತ್ತಿದ್ದೇನೆ.

ಸೂಯಿ ಚಲೀ ರೇ ಸೂಯಿ ಚಲೀ, ಚಾಂದ ಕೇ ಘರ ಕೋ ಸೂಯಿ ಚಲೀ
ಹರಿದ ಮೋಡಕ ಹೊಲಿಗಿ ಹಾಕಿ ಬರ್ತಾಳ, ನೀ ಅಳಬ್ಯಾಡ
ದಾರ ತೀರಿದರ ತಿರುಗಿ ಬರ್ತಾಳ, ನೀ ಎದ್ದಿರಬ್ಯಾಡ

ಸೂಜಿ ಚಂದ್ರನ ಮನೆಗೆ ಹೊರಟಿತು ಎಂದು ಮೊದಲ ಸಾಲು, ಅದು ಮುನವ್ವರ ಬೇಗಂ ಅವರದು. ಕೆಳಗಿನ ಎರಡು ನನ್ನ ಮಗಳವು. ಧಾಟಿ ಬರೆದು ತಿಳಿಸಲು ಆಗುವುದಿಲ್ಲ. ಮಾಯಾಳನ್ನು ಸಿದ್ದುವಿನ ಮಿಷನ್ ಮುಂದೆ ಕೂಡಿಸಿ ತುಳಿಯಲು ಹೇಳಿ. ಒಂದು ಒತ್ತಿಗೆ ಒಂದು ಮಾತು ಬೀಳುವ ಹಾಗೆ ಹೇಳುತ್ತ ಹೋದರೆ ಧಾಟಿ ತಾನೇ ಬರುತ್ತದೆ. ಸಾಲಿನ ಕೊನೆಗೆ ಕಾಲು ನಿಲ್ಲಿಸಬಾರದು.

ಸಖುಬಾಯಿ


ಔರಾದ
24 ಆಗಸ್ಟ್ 2025

ಸಖುಬಾಯಿಯವರಿಗೆ ಸಾವಿರ ಶರಣು.

ಬರೆಯಲು ತಡವಾಯಿತು. ಎಲ್ಲ ಸರಿಯಾಗಿ ನಿಲ್ಲಲಿ, ಆಮೇಲೆ ಬರೆಯೋಣ ಎಂದು ಕಾದೆ.

ಮಾಯಾ ಮಧ್ಯಾಹ್ನ ಮಿಷನ್ ಮುಂದೆ ಕೂತು ಕಲಿತಳು. ಅವಳಿಗೆ ಕನ್ನಡ ಪೂರ್ತಿ ಬರುವುದಿಲ್ಲ, ಆದರೆ ಮಾತು ತಪ್ಪಲಿಲ್ಲ. ಪ್ರಣಾಲಿ ಅಂಗಳದಲ್ಲಿ ಆಡುತ್ತಿದ್ದಳು. ಒಳಗೆ ಬಂದು ಬಾಗಿಲಲ್ಲಿ ನಿಂತಳು. ಅಳಲಿಲ್ಲ, ಅಂಗೈ ಎತ್ತಲಿಲ್ಲ. ಹೋಗಿ ಮಾಯಾಳ ತೊಡೆಯ ಮೇಲೆ ತಲೆ ಇಟ್ಟಳು, ಅಲ್ಲೇ ಮಲಗಿದಳು. ಮಾಯಾ ಕಾಲು ನಿಲ್ಲಿಸಲು ಹೆದರಿ ಸಂಜೆಯ ತನಕ ಬರಿಯ ಮಿಷನ್ ತುಳಿಯುತ್ತಲೇ ಇದ್ದಳು. ನಾನು ಒಳ ಕೋಣೆಗೆ ಹೋಗಿ ಅತ್ತೆ. ಅಂದಿನಿಂದ ದಿನವೂ ಮಲಗುತ್ತಾಳೆ. ಊಟ ಏರಿದೆ. ಹಿಮ್ಮಡಿಯ ಗಾಯ ಮಾಯ್ದಿದೆ.

ಇನ್ನೊಂದು ಮಾತು ಇದೆ. ಬಚ್ಚಿಟ್ಟು ಬರೆದು ಒಮ್ಮೆ ತಪ್ಪಿದ್ದೇನೆ, ಈ ಸಲ ಬಚ್ಚಿಡುವುದಿಲ್ಲ. ನಿನ್ನೆ ಗೌಹರ ಬಂದು, ಯಾವುದು ಬೇಟಾ ಈ ಹಾಡು, ಚೆಂದ ಅದ ಅಂದಳು. ಪ್ರಣಾಲಿ, "ಇದು ಮಾಯವ್ವಂದು, ಆಕಿನೇ ಮಾಡ್ಯಾಳ" ಅಂದಳು. ನನಗೆ ತಡೆಯಲಾಗಲಿಲ್ಲ. ಕೈ ಹಿಡಿದು ಕರೆದೊಯ್ದು ಗೋಡೆಯ ಮೇಲಿನ ಸಿದ್ದೇಶ್ವರಿಯ ಫೋಟೋ ತೋರಿಸಿದೆ. ಇದು ನಿನ್ನ ಈ ಅವ್ವನ ಹಾಡು, ನೀನೇ ಕೇಳುತ್ತಿದ್ದೆಯಲ್ಲ ಅಂದೆ. ಹುಡುಗಿ ಬಹಳ ಹೊತ್ತು ಫೋಟೋ ನೋಡಿತು. ಆಮೇಲೆ ನನ್ನನ್ನು ಕೇಳಿತು.

"ಆಕಿಗಿ ಹಾಡ್ಲಕ ಬರ್ತದೇನು ಅಜ್ಜಿ?"

ಮಾಯಾ ಕೇಳಿಸಿಕೊಂಡು ಹಾಡುವುದಿಲ್ಲ ಇನ್ನು ಎಂದು ಕೂತಿದ್ದಾಳೆ. ಇದು ಪಾಪ ಅನ್ನುತ್ತಾಳೆ. ನಾನೇನು ಮಾಡಲಿ? ದಿನವೂ ಫೋಟೋದ ಮುಂದೆ ನಿಲ್ಲಿಸಿ ಹೇಳಿಕೊಡಲೇ? ಚಿಕ್ಕ ಹುಡುಗಿ, ಹತ್ತು ಸಲ ಹೇಳಿದರೆ ತಿಳಿದೀತು. ನೀವು ಹೇಳಿದಂತೆ ಮಾಡುತ್ತೇನೆ.

ದಸರೆಗೆ ಮಾಯಾಳನ್ನೂ ಪ್ರಣಾಲಿಯನ್ನೂ ಕರೆದುಕೊಂಡು ಬರುತ್ತೇನೆ. ದಿಲೀಪ ಒಪ್ಪಿದ್ದಾನೆ. ನೀವು ಉಡಿ ತುಂಬುತ್ತೀರೋ ಇಲ್ಲವೋ, ಅದೊಂದು ಬರೆಯಿರಿ. ಹುಡುಗಿ ನಿಮ್ಮನ್ನು ನೋಡಿ ವರ್ಷವಾಯಿತು. ಹಲಬರ್ಗಾದ ಅಜ್ಜಿ ಅಂದರೆ ಯಾರು ಎಂದು ಕೇಳುತ್ತದೆ.

ಸುಭದ್ರಾ


ಹಲಬರ್ಗಾ
ತಾ. 4-9-2025, ಗುರುವಾರ

ಸುಭದ್ರಕ್ಕ,

ಮುಂದಿನ ವಾರ ಸಿದ್ದುವಿನ ವರ್ಷದ ಎಡೆ. ಅದು ಇಲ್ಲಿಯೂ ಆಗುತ್ತದೆ, ಅಲ್ಲಿಯೂ ನೀವು ಮಾಡಿರಿ. ಕೂಸನ್ನು ಅದರ ಮುಂದೆ ಕೂಡಿಸಬೇಡಿ.

ಹಾಡಿನ ಮಾತು ತಿದ್ದಬೇಡಿ. ಫೋಟೋದ ಮುಂದೆ ನಿಲ್ಲಿಸಬೇಡಿ. ಹತ್ತು ಸಲ ಹೇಳಿದರೆ ತಿಳಿಯುತ್ತದೆ ಎಂದು ಬರೆದಿರಿ, ತಿಳಿದರೆ ಮತ್ತೆ ನಿದ್ದೆ ಹೋಗುತ್ತದೆ. ಮಾಯಾ ಮಾಡಿದ ಹಾಡು ಅಂದರೆ ಹೌದು ಅನ್ನಿರಿ. ಮಾಯಾಳಿಗೂ ಹೇಳಿ, ಪಾಪವೇನಾದರೂ ಇದ್ದರೆ ನಾನು ಮಲ್ಲಣ್ಣನ ಹತ್ತಿರ ಮಾತಾಡಿಕೊಳ್ಳುತ್ತೇನೆ, ಅವಳು ಕಾಲು ನಿಲ್ಲಿಸುವುದು ಬೇಡ.

ದಸರೆಗೆ ಬನ್ನಿರಿ. ಹಣಮಂತ ಆ ದಿನ ಕುರಿಗಳ ಜತೆ ಹೋಗುತ್ತಾನೆ, ನಿಮ್ಮನ್ನು ನೋಡಲು ಅವನಿಗೆ ಇನ್ನೂ ಆಗುವುದಿಲ್ಲ. ಉಡಿ ತುಂಬುತ್ತೇನೆ. ಮಾಯಾಳ ಕುಪ್ಪಸದ ಅಳತೆ ಕಳಿಸಿ. ಫ್ರಾಕು ಕೂಸಿಗೆ ಈಗ ಚಿಕ್ಕದಾಗಿರುತ್ತದೆ, ಬೇರೆ ತರುತ್ತೇನೆ.

ನಾನು ಯಾರು ಎಂದು ಕೂಸು ದಾರಿಯಲ್ಲಿ ಕೇಳಿದರೆ ನೀವು ತಡವರಿಸಬೇಡಿ. ಮಾಯಾಳ ಅವ್ವ ಎಂದು ಹೇಳಿರಿ.

ಸಖು